ನಿಮ್ದು ಯಾವೂರು?

ಬೆಳಗಿನ ಆರು ಗಂಟೆಗೆ ಮಂಗಳೂರಿನ ಬಿಜೈಯ ಬಸ್ ನಿಲ್ದಾಣದಲ್ಲಿ ನಿಂತರೆ ಅರ್ಧ ಕರ್ನಾಟಕ ಕಣ್ಣುಜ್ಜಿಕೊಳ್ಳುತ್ತ ಇಳಿಯುವುದು ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಬರಲಿದ್ದ ನೆಂಟರನ್ನು ಕರೆದೊಯ್ಯಲು ಹಾಗೆ ನಿಂತಿದ್ದೆ. ಯಲ್ಲಾಪುರ, ಅಂಕೋಲಾ ದಾರಿಯಾಗಿ ಬಂದ ಬಸ್ಸಿನಿಂದ ಮೊದಲು ಇಳಿದವರು ಏಳೆಂಟು ಹುಡುಗಿಯರು. ಒಂದೇ ಬಣ್ಣದ ಟ್ರ್ಯಾಕ್ ಸೂಟು, ಹೆಗಲಲ್ಲಿ ಬೂಟಿನ ಚೀಲ, ಬಿಗಿಯಾಗಿ ಹೆಣೆದ ಗುಂಗುರು ಕೂದಲು, ಹೊಳೆಯುವ ಕಪ್ಪು ಮೈ. ಅವರಲ್ಲೊಬ್ಬಳು ನನ್ನ ಕಡೆ ಬಂದು, ಮಂಗಳಾ ಕ್ರೀಡಾಂಗಣಕ್ಕೆ ನಡೆದು ಹೋಗಬಹುದಾ ಎಂದು ಕೇಳಿದಳು. ಅವಳು ಕೇಳಿದ್ದು ಕನ್ನಡದಲ್ಲೇ. ಆದರೂ ನನ್ನ ಬಾಯಿಂದ ಬಂದದ್ದು ಇಂಗ್ಲಿಷ್. ಲಾಲ್‌ಬಾಗ್ ದಾಟಿ ಲೇಡಿಹಿಲ್ ಕಡೆ ಹೋಗಿ ಎಂದು ಇಂಗ್ಲಿಷಿನಲ್ಲೇ ದಾರಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸದೆ, ಯಾವ ದೇಶದಿಂದ ಬಂದದ್ದು ಎಂದೂ ಕೇಳಿಬಿಟ್ಟೆ.

ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಈ ಪ್ರಶ್ನೆ ಎಷ್ಟು ಸಲ ಕೇಳಿಸಿಕೊಂಡಿದ್ದಳೋ. "ಯಲ್ಲಾಪುರ ತಾಲೂಕು, ಅಂಕಲ್," ಎಂದಳು. "ನಿಮ್ದು ಯಾವೂರು?"

"ಇದೇ ಬಿಜೈ," ಎಂದೆ. ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ಮಾತಿನಿಂದ ಮುಚ್ಚಲು, "ಹಿಂದಿನವರು ಗೋವಾದಿಂದ ಬಂದದ್ದು," ಎಂದು ಸೇರಿಸಿದೆ.

"ನಮ್ಮೋರೂ ಗೋವಾದಿಂದ್ಲೇ ಬಂದಿದ್ದಂತೆ," ಎಂದು ಹೇಳಿ ಅವಳು ಗೆಳತಿಯರ ಕಡೆ ತಿರುಗಿದಳು. ಅವರು ತಮ್ಮೊಳಗೆ ಆಡಿಕೊಂಡದ್ದು ಕೊಂಕಣಿ. ನನ್ನ ಮನೆಯ ಕೊಂಕಣಿ ಅಲ್ಲ, ಅದರ ಒಡಹುಟ್ಟು. ಅರ್ಧ ಅರ್ಥವಾಯಿತು.

ನಾನು 'ಬಂದದ್ದು' ಎಂದೆ, ಅವಳು 'ಬಂದಿದ್ದಂತೆ' ಎಂದಳು. ಆ 'ಅಂತೆ' ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬಿಜೈಯ ಕ್ರೈಸ್ತ ಕೊಂಕಣಿ ಮನೆಗಳಲ್ಲಿ ಹುಟ್ಟಿದವರಿಗೆ ವಂಶದ ಕಥೆ ಅಕ್ಕಿ ಗಂಜಿಯ ಜೊತೆಗೇ ಸಿಗುತ್ತದೆ. ಗೋವಾದಲ್ಲಿ ಯಾವ ಊರು, ಕ್ರೈಸ್ತರಾಗುವ ಮೊದಲು ಪ್ರಭುಗಳೋ ಕಾಮತರೋ ಶೆಣೈಗಳೋ, ಗದ್ದೆ ಎಷ್ಟಿತ್ತು, 1784ರಲ್ಲಿ ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಯಾರು ಸತ್ತರು, 1799ರ ನಂತರ ಯಾರು ಮರಳಿದರು. ಕೆಲವು ಕುಟುಂಬಗಳು ವಂಶವೃಕ್ಷವನ್ನು ಪುಸ್ತಕವಾಗಿ ಅಚ್ಚು ಹಾಕಿಸಿವೆ. ನೋವಿನ ಕಥೆಯೇ ಇರಬಹುದು, ಆದರೆ ಅದರಲ್ಲಿ ಹೆಸರುಗಳಿವೆ. ಅದೇ ಗೋವಾದಿಂದ, ಹೆಚ್ಚುಕಡಿಮೆ ಅದೇ ಶತಮಾನಗಳಲ್ಲಿ, ಘಟ್ಟದ ಕಡೆಗೆ ಬಂದ ಇನ್ನೊಂದು ಜನದ ಮಗಳ ಬಳಿ ಇರುವುದು ಒಂದು 'ಅಂತೆ' ಮಾತ್ರ.

ಆ ದಿನಗಳಲ್ಲಿ ನಾನು ಜಿಮ್ಮಿ ಪೀಟರ್ಸ್ ಎಂಬ ರಗ್ಬಿ ಆಟಗಾರನ ಬಗ್ಗೆ ಓದುತ್ತಿದ್ದೆ. ಇಂಗ್ಲೆಂಡಿನ ರಾಷ್ಟ್ರೀಯ ತಂಡಕ್ಕೆ ಆಡಿದ ಮೊದಲ ಕಪ್ಪು ಮನುಷ್ಯ. ಆ ಹುಡುಗಿ ಸಿಗದಿದ್ದರೆ ಅವರ ಕಥೆಯನ್ನು ಆಟದ ಕಥೆಯಾಗಿ ಓದಿ ಮುಚ್ಚಿಡುತ್ತಿದ್ದೆನೋ ಏನೋ.

ಪೀಟರ್ಸ್ ಹುಟ್ಟಿದ್ದು 1879ರ ಆಗಸ್ಟ್ 7ರಂದು, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡ್‌ನಲ್ಲಿ. ಅಪ್ಪ ಜಾರ್ಜ್ ಪೀಟರ್ಸ್ ಜಮೈಕಾ ಮೂಲದವರು, ಸರ್ಕಸ್‌ನಲ್ಲಿ ಪ್ರಾಣಿಗಳನ್ನು ಪಳಗಿಸುವ ಕೆಲಸ. ಅಮ್ಮ ಹ್ಯಾನಾ ಗಫ್, ಶ್ರಾಪ್‌ಶೈರ್ ಕಡೆಯ ಬಿಳಿಯ ಹೆಂಗಸು. ಮಗ ಇನ್ನೂ ಚಿಕ್ಕವನಿದ್ದಾಗಲೇ ಅಪ್ಪ ಸರ್ಕಸ್ಸಿನ ಬೋನಿನೊಳಗೆ ಸಿಂಹಗಳ ಬಾಯಿಗೆ ಸಿಕ್ಕು ಸತ್ತರು. ಸಾಕಲಾರದ ಅಮ್ಮ ಹುಡುಗನನ್ನು ಇನ್ನೊಂದು ಸರ್ಕಸ್ಸಿಗೆ ಕೊಟ್ಟಳು. ಜೀನು ಇಲ್ಲದ ಕುದುರೆಯ ಬೆನ್ನ ಮೇಲೆ ಸವಾರಿ ಮಾಡಿ ತೋರಿಸುವುದು ಅವನ ಕೆಲಸವಾಯಿತು. ಒಂದು ದಿನ ಬಿದ್ದು ತೋಳು ಮುರಿಯಿತು. ತೋಳು ಮುರಿದ ಸವಾರನಿಂದ ಸರ್ಕಸ್ಸಿಗೆ ಏನು ಪ್ರಯೋಜನ? ಡೇರೆ ಕಿತ್ತು ಅವರು ಮುಂದಿನ ಊರಿಗೆ ಹೋದರು, ಹುಡುಗ ಹಿಂದೆ ಉಳಿದ. ಆಗ ಅವನಿಗೆ ಹನ್ನೊಂದು ವರ್ಷ.

ಲಂಡನ್ನಿನ ಸದರ್ಕ್‌ನಲ್ಲಿದ್ದ ಫೀಗನ್ ಅನಾಥಾಲಯ, ಆಮೇಲೆ ಗ್ರೀನಿಚ್‌ನ 'ಲಿಟಲ್ ವಾಂಡರರ್ಸ್' ಆಶ್ರಮ ಅವನನ್ನು ಸಾಕಿದವು. ಓಟ, ಜಿಗಿತ, ಕ್ರಿಕೆಟ್, ರಗ್ಬಿ ಎಲ್ಲದರಲ್ಲೂ ಅವನೇ ಮುಂದು. ಕೈಕಸುಬೂ ಅಲ್ಲೇ ಬಂತು, ಮುಂದೆ ಬಡಗಿತನ ಅನ್ನ ಕೊಟ್ಟಿತು.

ಈ ಹುಡುಗನ ವಂಶವನ್ನು ಹಿಂದಕ್ಕೆ ಅಳೆಯಹೊರಟರೆ ಎಷ್ಟು ದೂರ ಹೋಗಬಹುದು? ಅಪ್ಪನ ತನಕ. ಜಮೈಕಾ ಎಂದರೆ ಕಬ್ಬಿನ ತೋಟಗಳ ದ್ವೀಪ, ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು ದುಡಿದ ನೆಲ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1834ರಲ್ಲಿ, ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಅದಕ್ಕೂ ಮೊದಲು, 1817ರಿಂದ, ಜಮೈಕಾದ ಒಡೆಯರು ತಮ್ಮ ಗುಲಾಮರ ಪಟ್ಟಿ ಕೊಡಬೇಕಾಗಿತ್ತು. ಆ ದಫ್ತರಗಳಲ್ಲಿ ಒಂದು ಹೆಸರು, ವಯಸ್ಸು, ಬಣ್ಣ, ಆಫ್ರಿಕದಲ್ಲಿ ಹುಟ್ಟಿದವನೋ ದ್ವೀಪದಲ್ಲೇ ಹುಟ್ಟಿದವನೋ ಎಂಬುದು ಇರುತ್ತದೆ. ಯಾವ ಊರಿನವನು, ಯಾವ ಮಾತಿನವನು ಎಂಬುದಕ್ಕೆ ಅಂಕಣವೇ ಇಲ್ಲ. ಪೀಟರ್ಸ್ ಎಂಬ ಅಡ್ಡಹೆಸರು ಇಂಗ್ಲಿಷರದು. ಅಂಥ ಹೆಸರುಗಳು ದ್ವೀಪದ ಕಪ್ಪು ಮನೆತನಗಳಿಗೆ ಒಡೆಯನಿಂದಲೋ ದೀಕ್ಷಾಸ್ನಾನದಿಂದಲೋ ಬಂದವು. ಹೆಸರು ವಂಶದ ಗುರುತು ಎಂದು ನಾವು ಬಗೆಯುತ್ತೇವೆ. ಇವರ ವಿಷಯದಲ್ಲಿ ವಂಶವನ್ನು ಅಳಿಸಿದ ಕೈಯ ಗುರುತೇ ಹೆಸರಾಗಿ ಉಳಿದಿದೆ.

1898ರಲ್ಲಿ ಪೀಟರ್ಸ್ ಬ್ರಿಸ್ಟಲ್‌ಗೆ ಬಂದರು. ಅಲ್ಲಿ ಕ್ಲಬ್ಬಿಗೆ ಆಡತೊಡಗಿದಾಗ ಸಮಿತಿಯ ಸದಸ್ಯನೊಬ್ಬ ಪ್ರತಿಭಟಿಸಿ ರಾಜೀನಾಮೆ ಕೊಟ್ಟ. ಬಿಳಿಯ ಹುಡುಗನಿಗೆ ಸಿಗಬೇಕಾದ ಜಾಗವನ್ನು ಈತ ಕಿತ್ತುಕೊಂಡ ಎಂಬ ಧಾಟಿಯಲ್ಲಿ ಸ್ಥಳೀಯ ಪತ್ರಿಕೆಯೂ ಬರೆಯಿತು. 1902ರಲ್ಲಿ ಅವರು ಹಡಗುಕಟ್ಟೆಯ ಊರಾದ ಪ್ಲಿಮತ್‌ಗೆ ಹೋಗಿ ಬಡಗಿ ಕೆಲಸ ಹಿಡಿದರು. ಪ್ಲಿಮತ್, ಡೆವನ್‌ಪೋರ್ಟ್ ಆಲ್ಬಿಯನ್, ಡೆವನ್ ಕೌಂಟಿ ತಂಡಗಳಿಗೆ ಆಡಿದರು.

ರಗ್ಬಿ ನಮ್ಮ ಕರಾವಳಿಯ ಆಟವಲ್ಲ, ಹಾಗಾಗಿ ಒಂದೆರಡು ಮಾತು. ಮೊಟ್ಟೆಯಾಕಾರದ ಚೆಂಡು, ಕಡೆಗೆ ಹದಿನೈದು ಮಂದಿ. ಚೆಂಡನ್ನು ಎದೆಗವಚಿ ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಕೊಡುವುದಿದ್ದರೆ ಹಿಂದೆ ಅಥವಾ ಪಕ್ಕದಲ್ಲಿ ಇರುವವನಿಗೇ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ಟ್ರೈ ಎನ್ನುತ್ತಾರೆ. ಮುಂದಿನ ಸಾಲಿನ ಭಾರೀ ಆಳುಗಳು ಹೆಗಲಿಗೆ ಹೆಗಲು ಕೊಟ್ಟು ಗೂಳಿಗಳಂತೆ ನೂಕಾಡಿ ಚೆಂಡನ್ನು ಹೊರಗೆ ತರುತ್ತಾರೆ. ಹಿಂದೆ ಚುರುಕು ಓಟಗಾರರು ಕಾದಿರುತ್ತಾರೆ. ಈ ಎರಡು ಗುಂಪುಗಳ ನಡುವೆ ನಿಂತು, ಚೆಂಡು ಕೈಗೆ ಬಂದ ಕ್ಷಣದಲ್ಲೇ ಒದೆಯಬೇಕೋ ಓಡಬೇಕೋ ದಾಟಿಸಬೇಕೋ ಎಂದು ತೀರ್ಮಾನಿಸುವವನು ಹಾಫ್ ಬ್ಯಾಕ್. ನಾಟಕದಲ್ಲಿ ಸೂತ್ರಧಾರನಿಗೆ ಇರುವ ಜಾಗ ಅದು. ಪೀಟರ್ಸ್ ಆಡುತ್ತಿದ್ದದ್ದು ಆ ಜಾಗದಲ್ಲಿ. ಕಪ್ಪು ಆಟಗಾರನಿಗೆ ಮೈಬಲ ಇರುತ್ತದೆ, ಲೆಕ್ಕಾಚಾರ ಬಿಳಿಯನದು ಎಂಬ ಪೊಳ್ಳು ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ತಂಡದ ಬುದ್ಧಿಯ ಜಾಗವನ್ನು ಅವರು ಹಿಡಿದಿದ್ದರು ಎನ್ನುವುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

1906ರ ಮಾರ್ಚ್ 17ರಂದು ಎಡಿನ್‌ಬರೊದ ಇನ್ವರ್ಲೀತ್ ಮೈದಾನದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಪೀಟರ್ಸ್ ಇಂಗ್ಲೆಂಡಿನ ಅಂಗಿ ತೊಟ್ಟರು. ಇಂಗ್ಲೆಂಡ್ 9–3ರಲ್ಲಿ ಗೆದ್ದಿತು. ಅವರ ಆಯ್ಕೆ ಬಣ್ಣದ ಕಾರಣಕ್ಕೆ ಜನಕ್ಕೆ ಹಿಡಿಸಿಲ್ಲ ಎಂದು ಒಂದು ಪತ್ರಿಕೆ ಮೊದಲೇ ಬರೆದಿತ್ತು, ಆಟ ನೋಡಿದವರು ಹೊಗಳಿದರು. ಐದು ದಿನಗಳ ನಂತರ ಪ್ಯಾರಿಸ್ಸಿನಲ್ಲಿ ಫ್ರಾನ್ಸ್ ವಿರುದ್ಧ ಆಡಿ ಟ್ರೈ ಗಳಿಸಿದರು.

ಎಡಿನ್‌ಬರೊದಲ್ಲಿ ಅವತ್ತು ಪಣಕ್ಕಿದ್ದದ್ದು ಕಲ್ಕತ್ತಾ ಕಪ್. ನಮ್ಮ ಓದುಗರಿಗೆ ಇದನ್ನು ಹೇಳದೆ ಮುಂದೆ ಹೋಗಲಾರೆ. 1873ರಲ್ಲಿ ಕಲ್ಕತ್ತೆಯ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಕಟ್ಟಿದರು. ಆ ಸೆಕೆಯಲ್ಲಿ ಆಟ ಬೇರೂರಲಿಲ್ಲ. ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಯಾಗಿ ತೆಗೆದು, 270 ನಾಣ್ಯಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿ ಇಂಗ್ಲೆಂಡಿಗೆ ಕೊಟ್ಟರು. ಮೂರು ಹಿಡಿಗಳು ಹೆಡೆಯೆತ್ತಿದ ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. ಅದಕ್ಕಾಗಿ ಮೊದಲ ಪಂದ್ಯ ನಡೆದದ್ದು 1879ರ ಮಾರ್ಚ್‌ನಲ್ಲಿ, ಪೀಟರ್ಸ್ ಹುಟ್ಟಿದ ವರ್ಷ. ನಮ್ಮ ದೇಶದ ಬೆಳ್ಳಿ, ಜಮೈಕಾದವನ ಮಗ, ಸ್ಕಾಟ್ಲೆಂಡಿನ ಮೈದಾನ: ಒಂದೇ ಸಾಮ್ರಾಜ್ಯದ ಗಾಣದಲ್ಲಿ ಅರೆದು ಬಂದ ವಸ್ತುಗಳೂ ಮನುಷ್ಯರೂ ಅವತ್ತು ಒಂದೇ ಕಡೆ ಸೇರಿದ್ದವು. ಆ ನಾಣ್ಯಗಳು ಎಲ್ಲಿಂದ ಬಂದವು, ಎಷ್ಟಿದ್ದವು ಎಂಬುದಕ್ಕೆ ಲೆಕ್ಕ ಇದೆ. ಪೀಟರ್ಸ್‌ರ ತಾತನ ಊರಿಗೆ ಇಲ್ಲ.

1906ರಲ್ಲೇ ದಕ್ಷಿಣ ಆಫ್ರಿಕದ ತಂಡ ಮೊದಲ ಬಾರಿಗೆ ಬ್ರಿಟನ್ ಪ್ರವಾಸಕ್ಕೆ ಬಂತು. ಅಕ್ಟೋಬರ್‌ನಲ್ಲಿ ಡೆವನ್ ಕೌಂಟಿ ವಿರುದ್ಧದ ಪಂದ್ಯ. ಎದುರು ತಂಡದಲ್ಲಿ ಕಪ್ಪು ಆಟಗಾರ ಇದ್ದಾನೆಂದು ಪ್ರವಾಸಿಗಳು ಮೈದಾನಕ್ಕಿಳಿಯಲು ಒಪ್ಪಲಿಲ್ಲ. ಹೊರಗೆ ಕಿಕ್ಕಿರಿದ ಪ್ರೇಕ್ಷಕರು. ಕೊನೆಗೆ ಅವರದೇ ಸೀಮೆಯ ಹೈಕಮಿಷನರ್ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಸಮಾಧಾನ ಮಾಡಬೇಕಾಯಿತು. ಪಂದ್ಯ ನಡೆಯಿತು, ಪೀಟರ್ಸ್ ಆಡಿದರು. ಡಿಸೆಂಬರ್ 8ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಇಂಗ್ಲೆಂಡ್–ದಕ್ಷಿಣ ಆಫ್ರಿಕ ಪಂದ್ಯವಾದಾಗ ಮಾತ್ರ ಇಂಗ್ಲೆಂಡ್ ತಂಡದಲ್ಲಿ ಅವರ ಹೆಸರಿರಲಿಲ್ಲ. ಆ ವರ್ಷದ ಹಿಂದಿನ ಎರಡು ಪಂದ್ಯಗಳನ್ನೂ ಗೆಲ್ಲಿಸಿದ ತಂಡದಲ್ಲಿದ್ದವರು, 1907ರಲ್ಲಿ ಮತ್ತೆ ಐರ್ಲೆಂಡ್, ಸ್ಕಾಟ್ಲೆಂಡ್ ವಿರುದ್ಧ ಆಡಿದವರು, ನಡುವಿನ ಆ ಒಂದು ಪಂದ್ಯಕ್ಕೆ ಬೇಡವಾದರು. ಅತಿಥಿಗಳಿಗೆ ಮುಜುಗರವಾಗಬಾರದೆಂದು ಮನೆಯ ಮಗನನ್ನು ಒಳಕೋಣೆಗೆ ಕಳಿಸಿದ ಹಾಗಾಯಿತು. ನನಗೆ ಇದು ದಕ್ಷಿಣ ಆಫ್ರಿಕದವರ ಹಟಕ್ಕಿಂತ ಹೆಚ್ಚು ನೋವಿನ ಸಂಗತಿ.

ಒಟ್ಟು ಐದು ಅಂತರರಾಷ್ಟ್ರೀಯ ಪಂದ್ಯ, ಕೊನೆಯದು 1908ರಲ್ಲಿ ವೇಲ್ಸ್ ವಿರುದ್ಧ. 1910ರ ಹೊತ್ತಿಗೆ ಹಡಗುಕಟ್ಟೆಯ ಕೆಲಸದಲ್ಲಿ ಅಪಘಾತವಾಗಿ ಮೂರು ಬೆರಳು ಹೋದವು. ಬೆರಳಿಲ್ಲದ ಕೈಯಲ್ಲೇ ಮತ್ತೆ ಆಡಿದರು. ರಗ್ಬಿ ಯೂನಿಯನ್ ಆಗ ಹವ್ಯಾಸಿಗಳ ಆಟ, ಒಂದು ಕಾಸು ಪಡೆದರೂ ಅಪರಾಧ. ದಿನಗೂಲಿ ಬಿಟ್ಟು ಆಡುವ ಗಣಿ, ಗಿರಣಿ ಕಾರ್ಮಿಕರಿಗೆ ಕಳೆದ ಕೂಲಿಯನ್ನಾದರೂ ಕೊಡಬೇಕೋ ಬೇಡವೋ ಎಂಬ ಜಗಳದಲ್ಲೇ 1895ರಲ್ಲಿ ಆಟ ಎರಡಾಗಿ ಒಡೆದಿತ್ತು. 1912ರಲ್ಲಿ ಹಣ ಪಡೆದ ಆರೋಪದ ಮೇಲೆ ಪೀಟರ್ಸ್ ಅಮಾನತಾದರು. ಒಡೆದು ಹೋಗಿದ್ದ ಇನ್ನೊಂದು ಬಣದಲ್ಲಿ ಉತ್ತರದ ಬ್ಯಾರೊ, ಆಮೇಲೆ ಸೇಂಟ್ ಹೆಲೆನ್ಸ್ ತಂಡಗಳಿಗೆ ಕೆಲಕಾಲ ಆಡಿ 1914ರಲ್ಲಿ ನಿಲ್ಲಿಸಿ ಪ್ಲಿಮತ್‌ಗೆ ಮರಳಿದರು. 1954ರ ಮಾರ್ಚ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ರಗ್ಬಿ ಅಂಗಿಯನ್ನು ಇನ್ನೊಬ್ಬ ಕಪ್ಪು ಆಟಗಾರ ತೊಟ್ಟದ್ದು 1988ರಲ್ಲಿ, ಕ್ರಿಸ್ ಓಟಿ. ನಡುವೆ ಎಂಬತ್ತು ವರ್ಷ.

ಈಗ ಯಲ್ಲಾಪುರಕ್ಕೆ ಬರುತ್ತೇನೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿ, ಘಟ್ಟದ ಮೇಲೆ ಕಲಘಟಗಿ ಮತ್ತು ಖಾನಾಪುರದ ಕಡೆ ಆಫ್ರಿಕ ಮೂಲದ ಸಿದ್ದಿಗಳಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಕೆಲವರಿಗೆ ಮರಾಠಿ, ಉರ್ದು. ಧರ್ಮ ಯಾವುದೇ ಇರಲಿ, ಹಿರಿಯರನ್ನು ನೆನೆದು ಪೂಜಿಸುವುದನ್ನು ಬಿಟ್ಟವರಲ್ಲ. ಸಿದ್ದಿ ಕೇರಿಯ ಡಮಾಮಿ ಎಂಬ ಡೋಲಿನ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಆಫ್ರಿಕದವರು ನಮ್ಮ ನೆಲಕ್ಕೆ ಬಂದದ್ದು ಒಂದೇ ದಾರಿಯಲ್ಲಿ ಅಲ್ಲ. ಅರಬ್ ವ್ಯಾಪಾರಿಗಳ ಮೂಲಕ ಬಂದ ಹಬಸಿಗಳು ದಖನಿನ ಸುಲ್ತಾನರ ಸೈನ್ಯ ಸೇರಿ ಮೇಲೇರಿದರು. ಇಥಿಯೋಪಿಯದಲ್ಲಿ ಹುಟ್ಟಿ, ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ. ನಮ್ಮದೇ ಬಿಜಾಪುರದ ಆದಿಲ್‌ಶಾಹಿಯಲ್ಲಿ ಹಬಸಿ ಮಂತ್ರಿಗಳಿದ್ದರು. ಅವರಲ್ಲೊಬ್ಬ ಇಖ್ಲಾಸ್ ಖಾನನ ಚಿತ್ರಗಳು ಇವತ್ತಿಗೂ ಉಳಿದಿವೆ.

ಉತ್ತರ ಕನ್ನಡದ ಸಿದ್ದಿಗಳ ದಾರಿ ಬಹುಮಟ್ಟಿಗೆ ಬೇರೆ. ಮೊಜಾಂಬಿಕ್ ಕರಾವಳಿಯಿಂದ ಪೋರ್ಚುಗೀಸರ ಹಡಗುಗಳು ಗೋವಾಕ್ಕೆ ಗುಲಾಮರನ್ನು ತರುತ್ತಿದ್ದವು. 1583ರಿಂದ ಐದು ವರ್ಷ ಗೋವಾದಲ್ಲಿದ್ದ ಡಚ್ಚ ಲಿನ್ಸ್‌ಖೋಟೆನ್, ಅಲ್ಲಿನ ಮುಖ್ಯ ಬೀದಿಯಲ್ಲಿ ಬೆಳಗಿನ ಹರಾಜಿನಲ್ಲಿ ಕುದುರೆ, ಒಡವೆಗಳ ಜೊತೆಗೆ ಗಂಡು ಹೆಣ್ಣು ಮಕ್ಕಳನ್ನೂ ಮಾರುತ್ತಿದ್ದುದನ್ನು ವರ್ಣಿಸಿದ್ದಾನೆ. ಪೋರ್ಚುಗೀಸ್ ಆಳ್ವಿಕೆಯಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಷ್ಟರೊಳಗೆ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕಿದ್ದರು, ಕೆಲವರು ಬಿಡುಗಡೆಯಾಗಿ ಬಂದರು. ಓಡಿ ಅಡಗಿದವರು ಯಾವ ದಫ್ತರದಲ್ಲಿ ಹೆಸರು ಬರೆಸಿಯಾರು? ಸಿಕ್ಕಿಬೀಳದಿರುವುದೇ ಉಳಿವಿನ ದಾರಿಯಾಗಿದ್ದವರಿಗೆ ದಾಖಲೆ ಎಂದರೆ ಸಂಕೋಲೆ.

ಕ್ರೈಸ್ತ ಸಿದ್ದಿಗಳ ಹೆಸರು ಕೇಳಿದರೆ ಬಿಜೈಯವನಾದ ನನಗೆ ನಮ್ಮ ಅಜ್ಜಂದಿರ ಕಾಲದ ಹಾಜರಿ ಪುಸ್ತಕ ಓದಿದ ಹಾಗಾಗುತ್ತದೆ. ಮಿಂಗೆಲ್, ಜುಜೆ, ಬಸ್ತ್ಯಾಂವ್. ಮಿಗೆಲ್, ಜೋಸೆ, ಸೆಬಾಸ್ಟಿಯಾಂವ್ ಎಂಬ ಪೋರ್ಚುಗೀಸ್ ಹೆಸರುಗಳು ಕೊಂಕಣಿ ನಾಲಿಗೆಯಲ್ಲಿ ಉರುಳಿ ಆದ ರೂಪಗಳು. ನಮ್ಮ ಮನೆಯವರಿಗೂ ಆ ಹೆಸರುಗಳು ದೀಕ್ಷಾಸ್ನಾನದಲ್ಲೇ ಬಂದವು. ಆದರೆ ಅದರ ಕೆಳಗೆ ಹಳೆಯ ಹೆಸರೊಂದು ಉಳಿಯಿತು, ಊರು ಉಳಿಯಿತು. ಅವರದನ್ನು ಹಡಗು ಹತ್ತುವ ಮೊದಲೇ ಕಿತ್ತುಕೊಂಡಿದ್ದರು. ಜಾರ್ಜ್ ಪೀಟರ್ಸ್ ಎಂಬ ಹೆಸರನ್ನು ಓದಿದಾಗ ನನಗೆ ಮಿಂಗೆಲ್ ಸಿದ್ದಿ ಎಂಬ ಹೆಸರು ಕೇಳಿಸುವುದು ಇದೇ ಕಾರಣಕ್ಕೆ. ಆಫ್ರಿಕದವರನ್ನು ನಮ್ಮ ಕೊಂಕಣಿ 'ಖಾಪ್ರಿ' ಎನ್ನುತ್ತದೆ. ಅದು ಹರಾಜುಕಟ್ಟೆಯಿಂದ ಬಂದ ಮಾತು. ಚಿಕ್ಕಂದಿನಲ್ಲಿ ಮೈ ಕಪ್ಪಗಿದ್ದ ಮಗುವನ್ನು ನಮ್ಮ ಮನೆಗಳಲ್ಲಿ ಆ ಹೆಸರಿನಿಂದ ಛೇಡಿಸುತ್ತಿದ್ದರು, ನಾನೂ ಛೇಡಿಸಿದ್ದೇನೆ. ಆ ಮಾತನ್ನು ನಾವು ಬಿಡಬೇಕು.

ದಫ್ತರ ಹೇಳದ್ದನ್ನು ರಕ್ತದ ಹನಿ ಒಂದಿಷ್ಟು ಹೇಳಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಅಭ್ಯಸಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ವ ಆಫ್ರಿಕದ ಬಂಟು ಮಾತಿನ ಜನರ ಜೊತೆ ನಂಟು ಸ್ಪಷ್ಟವಾಯಿತು. ಭಾರತೀಯರ ಬೆರಕೆ ಸುಮಾರು ಇನ್ನೂರು ವರ್ಷಗಳಿಂದೀಚೆಗೆ ಆಗಿದೆ, ಯುರೋಪಿನವರ ಅಂಶವೂ ಸ್ವಲ್ಪ ಇರಬಹುದು ಎಂದು ಕಂಡುಬಂತು. ಒಂದು ಜನಾಂಗಕ್ಕೆ ಇದು ಉತ್ತರ. ಒಬ್ಬ ಹುಡುಗಿಗೆ ಇದು ಉತ್ತರವಲ್ಲ. ತನ್ನ ಮುತ್ತಜ್ಜಿಯ ಹೆಸರು ಏನೆಂದು ಯಾವ ಪ್ರಯೋಗಾಲಯವೂ ಅವಳಿಗೆ ಹೇಳಲಾರದು.

ಈ ರಕ್ತದ ಮಾತು ಕ್ರೀಡೆಯೊಳಗೆ ಬಂದದ್ದು ಇನ್ನೂ ಮೊದಲು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಿಂದ ಭಾರತ ಬರಿಗೈಯಲ್ಲಿ ಮರಳಿತ್ತು. ಬೆಟ್ಟ, ಕಾಡು, ಕಡಲಂಚಿನ ಸಮುದಾಯಗಳಲ್ಲಿ ಹುಟ್ಟು ಪ್ರತಿಭೆಗಳನ್ನು ಹುಡುಕಲು ಭಾರತೀಯ ಕ್ರೀಡಾ ಪ್ರಾಧಿಕಾರ 'ಸ್ಪೆಷಲ್ ಏರಿಯಾ ಗೇಮ್ಸ್' ಎಂಬ ಯೋಜನೆ ಹೂಡಿತು. ಆಗ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಮಂಗಳೂರಿನಲ್ಲೇ ಹುಟ್ಟಿದ ಮಾರ್ಗರೆಟ್ ಆಳ್ವ. ಮುಂದೆ 1999ರಲ್ಲಿ ಉತ್ತರ ಕನ್ನಡದಿಂದಲೇ ಲೋಕಸಭೆಗೆ ಗೆದ್ದವರು. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಈ ಯೋಜನೆಯಲ್ಲೇ ಸಿಕ್ಕಿ ಮೂರು ಒಲಿಂಪಿಕ್ಸ್‌ಗಳಲ್ಲಿ ಬಿಲ್ಲು ಹಿಡಿದ. ಸಿದ್ದಿಗಳ ವಿಷಯದಲ್ಲಿ ಹುಡುಕಾಟದ ತರ್ಕ ನೇರವಾಗಿತ್ತು: ಜಗತ್ತಿನ ಓಟಗಳನ್ನು ಆಫ್ರಿಕ ಮೂಲದವರು ಗೆಲ್ಲುತ್ತಿದ್ದಾರೆ, ನಮ್ಮಲ್ಲೂ ಆಫ್ರಿಕ ಮೂಲದವರಿದ್ದಾರೆ. 1987ರ ಸುಮಾರಿಗೆ ಹಳ್ಳಿಗಳಲ್ಲಿ ಮಕ್ಕಳನ್ನು ಓಡಿಸಿ, ಜಿಗಿಸಿ, ಆಯ್ದು ತರಬೇತಿ ಕೇಂದ್ರಗಳಿಗೆ ಒಯ್ದರು. ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಇನ್ನೂ ಕೆಲವರು ಪದಕಗಳನ್ನು ತಂದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೇ ಸಿದ್ದಿಗಳ ತರಬೇತಿ ನಿಂತುಹೋಯಿತು. ಕ್ರೀಡಾ ಮೀಸಲಾತಿಯಲ್ಲಿ ನೌಕರಿ ಸಿಕ್ಕವರು ದಡ ಸೇರಿದರು, ಉಳಿದವರು ಅಡಿಕೆ ತೋಟದ ಕೂಲಿಗೆ, ಕಾಡಂಚಿನ ತುಂಡು ಗದ್ದೆಗೆ ವಾಪಸಾದರು.

ಆ ಯೋಜನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹೊಟ್ಟೆ ತುಂಬ ಊಟ, ಬೂಟು, ಕೋಚು, ರೈಲಿನ ಪ್ರಯಾಣ, ತನ್ನ ಹೆಸರು ಪತ್ರಿಕೆಯಲ್ಲಿ ಬರುವ ಸುಖ, ಇವೆಲ್ಲ ಸಿದ್ದಿ ಮಕ್ಕಳಿಗೆ ಮೊದಲ ಬಾರಿಗೆ ಸಿಕ್ಕಿದ್ದು ಅದರಿಂದ. ಆದರೆ ಅದರ ಬುಡದಲ್ಲಿದ್ದ ಯೋಚನೆ ತಪ್ಪು. ಜಮೈಕಾದ ಓಟಗಾರರ ಹಿಂದೆ 1910ರಿಂದ ನಡೆದುಬಂದ ಶಾಲಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಇದೆ, ಊರೂರಿಗೂ ಓಟದ ಹುಚ್ಚು ಇದೆ, ತಲೆಮಾರುಗಳ ಕೋಚುಗಳಿದ್ದಾರೆ. ಅದನ್ನು ಬಿಟ್ಟು ಬಣ್ಣ ಒಂದನ್ನೇ ನೋಡಿದರೆ, ನಾಲ್ಕೈದು ವರ್ಷದಲ್ಲಿ ಒಲಿಂಪಿಕ್ಸ್ ಪದಕ ಬಾರದಿದ್ದಾಗ ಅಂಗಡಿ ಮುಚ್ಚಬೇಕೆನಿಸುತ್ತದೆ. ಬ್ರಿಸ್ಟಲ್‌ನ ಸಮಿತಿ ಸದಸ್ಯ ಪೀಟರ್ಸ್‌ರ ಮೈಬಣ್ಣ ನೋಡಿ ಬೇಡ ಎಂದ. ನಮ್ಮ ಅಧಿಕಾರಿಗಳು ಸಿದ್ದಿ ಮಕ್ಕಳ ಮೈಬಣ್ಣ ನೋಡಿ ಬೇಕು ಎಂದರು. ಬೇಕು ಎಂದದ್ದರಿಂದ ಒಳ್ಳೆಯದಾಯಿತು, ನಿಜ. ಎರಡೂ ಕಡೆ ಮಗುವಿಗಿಂತ ಮೊದಲು ಕಂಡದ್ದು ಬಣ್ಣವೇ. ಬಿಜೈಯ ಬಸ್ ನಿಲ್ದಾಣದಲ್ಲಿ ನನಗೂ ಅದೇ ಮೊದಲು ಕಂಡದ್ದು.

ಈ ಮಕ್ಕಳ ಮನೆತನಕ್ಕೆ ಸರ್ಕಾರ ಕೇಳುವ ಮೂಲದ ಪ್ರಶ್ನೆ ಇನ್ನೊಂದಿದೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಜಿಲ್ಲೆಯ ಗಡಿಯಾಚೆ ಕಲಘಟಗಿಯಲ್ಲೋ ಖಾನಾಪುರದಲ್ಲೋ ಇದ್ದ ಅಣ್ಣತಮ್ಮಂದಿರು ಆಗ ಪಂಗಡಕ್ಕೆ ಸೇರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ ಅದು ವಿಸ್ತರಿಸಿದ್ದು 2020ರಲ್ಲಿ. ನಡುವಿನ ಹದಿನೇಳು ವರ್ಷ ಇದು ಕಾಗದದ ಮಾತಾಗಿ ಮಾತ್ರ ಉಳಿದಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿಂದ ಕಾಡಿನ ಜಾಗದಲ್ಲಿದ್ದೇವೆಂದು ತೋರಿಸಿದರೆ ಸಾಕು. ಪಂಗಡಕ್ಕೆ ಸೇರದವರಾದರೆ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಕಾಡನ್ನು ನಂಬಿ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ಯಾರ ಹಿರಿಯರು ಹೆಸರು ಸಿಗದಂತೆ ಓಡಿ ಬದುಕಿದರೋ ಅವರ ಮೊಮ್ಮಕ್ಕಳನ್ನು ಹಿರಿಯರ ಹೆಸರಿರುವ ಕಾಗದ ತನ್ನಿ ಎಂದು ಕೇಳುವುದು ಎಷ್ಟು ದೊಡ್ಡ ಅನ್ಯಾಯ! 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಶಾಸನಸಭೆ ಹೊಕ್ಕ ಮೊದಲಿಗರು ಅವರು.

ಆಟವೂ ನಿಂತಿಲ್ಲ. ಹಳಿಯಾಳದ ಕುಸ್ತಿ ಮಟ್ಟಿಯಲ್ಲಿ ಸಿದ್ದಿ ಹೆಣ್ಣುಮಕ್ಕಳು ಮಣ್ಣು ಮೆತ್ತಿಕೊಂಡು ರಾಷ್ಟ್ರಮಟ್ಟದ ಪದಕ ಗೆದ್ದಿದ್ದಾರೆ. ಮುಂಡಗೋಡದ ಕಡೆ 'ಬ್ರಿಜಸ್ ಆಫ್ ಸ್ಪೋರ್ಟ್ಸ್' ಎಂಬ ಸಂಸ್ಥೆ ಓಟದ ತರಬೇತಿ ಕೊಡುತ್ತಿದೆ. ಈ ಬಾರಿ ಮಕ್ಕಳನ್ನು ಊರಿಂದ ದೂರದ ಶಹರಕ್ಕೆ ಒಯ್ಯದೆ, ತಾಲೂಕಿನೊಳಗೇ ಮೈದಾನ ಮಾಡಿಕೊಂಡದ್ದು ನನಗೆ ತುಂಬ ಸರಿ ಎನಿಸಿದೆ.

ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕರ್ನಲ್ ಮಿರಜ್ಕರ್ ಎಂಬ ವೈದ್ಯರು ತಾಯಿಯ ನೆನಪಿಗೆ ಆ ಮನೆಯನ್ನೂ ಸಂಗ್ರಹವನ್ನೂ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆ ಹುಡುಗಿ ಸಿಕ್ಕ ಮಧ್ಯಾಹ್ನ, ಎಷ್ಟೋ ವರ್ಷಗಳ ಮೇಲೆ, ಅದರ ಗೇಟಿನ ಮುಂದೆ ನಿಂತು ಫಲಕ ಓದಿದೆ. ಒಬ್ಬ ಮಗ ತಾಯಿಯ ಹೆಸರನ್ನು ಕಲ್ಲುಗಾರೆಯಲ್ಲಿ ಉಳಿಸಬಲ್ಲನಾಗಿದ್ದ. ಹ್ಯಾನಾ ಗಫ್ ಹೆಸರು ನಮಗೆ ತಿಳಿದಿರುವುದು ಅವಳ ಮಗ ಇಂಗ್ಲೆಂಡಿಗೆ ಐದು ಪಂದ್ಯ ಆಡಿದ್ದರಿಂದ. ಆಡದಿದ್ದರೆ ಹುಟ್ಟಿನ ದಾಖಲೆ, ಅನಾಥಾಲಯದ ಪುಸ್ತಕಗಳನ್ನು ಯಾರು ತೆರೆದು ನೋಡುತ್ತಿದ್ದರು?

ಸಂಜೆ ನಾಲ್ಕಕ್ಕೆ ಮಂಗಳಾ ಕ್ರೀಡಾಂಗಣಕ್ಕೆ ಹೋದೆ. ಇನ್ನೂರು ಮೀಟರ್ ಹುಡುಗಿಯರ ಹೀಟ್ಸ್ ನಡೆಯುತ್ತಿತ್ತು. ಕಟ್ಟೆಯ ಮೇಲೆ ಕೂತವರು ಹತ್ತಿಪ್ಪತ್ತು ಮಂದಿ ಇದ್ದರೇನೋ. ಮೈಕಿನಲ್ಲಿ ಲೇನ್ ಸಂಖ್ಯೆ, ಹುಡುಗಿಯ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ, ಜಿಲ್ಲೆ ಓದುತ್ತಿದ್ದರು. ಬೆಳಿಗ್ಗೆ ದಾರಿ ಕೇಳಿದವಳು ಐದನೇ ಲೇನಿನಲ್ಲಿದ್ದಳು. ಅವಳ ಹೆಸರಿನ ಸರದಿ ಬಂದಾಗ ಓದುವವರು ಒಮ್ಮೆ ತಡವರಿಸಿ, ಮತ್ತೆ ಸರಿಯಾಗಿ ಓದಿದರು: ಸಿದ್ದಿ, ಉತ್ತರ ಕನ್ನಡ. ಅವಳು ಕೈ ಎತ್ತಿ ತೋರಿಸಿ, ಬಗ್ಗಿ, ಬೆರಳುಗಳನ್ನು ಬಿಳಿಗೆರೆಯ ಹಿಂದಕ್ಕೆ ಒತ್ತಿಟ್ಟಳು.